ಕುಗ್ಗುತ್ತ ಹೋದ ಮುಕಾದಮಬಾಯಿ

ಕೈ ಮೇಲೆತ್ತಿದರೆ ಅವಳ ಹಸಿರು ಬಳೆಗಳೆಲ್ಲ ಜಾರಿ ಮೊಣಕೈಗೆ ಬಂದು ಕೂರುತ್ತಿದ್ದವು. ದ್ರಾಕ್ಷಿ ಚಪ್ಪರದ ಕೆಳಗೆ ದಿನವಿಡೀ ಹಾಗೆಯೇ ಕೈಯೆತ್ತಿ ನಿಲ್ಲುವ ಹನ್ನೆರಡು ಹೆಂಗಸರ ಟೋಳಿಗೆ ಅವಳೇ ಮುಂದಾಳು. ಕಾಗವಾಡದ ಸುತ್ತ ಎಲ್ಲರಿಗೂ ಮುಕಾದಮಬಾಯಿ. ಅವಳು ಬಾರದೆ ನಮ್ಮ ತೋಟದಲ್ಲಿ ಒಂದು ಗೊಂಚಲಿಗೂ ಕತ್ತರಿ ಬೀಳುತ್ತಿರಲಿಲ್ಲ. ಹೊಸಬರಿಗೆ ಕೆಲಸ ಕಲಿಸುವಾಗ, ಕೂಸಿನ ಗಲ್ಲ ಹಿಡಿದಂತೆ ಗೊಂಚಲು ಹಿಡಿಯಿರಿ ಎನ್ನುತ್ತಿದ್ದಳು.

ಮೊದಮೊದಲು ಚಪ್ಪರದ ತಂತಿ ತಲೆಗೆ ತಾಗುತ್ತದೆಂದು ಬಗ್ಗಿ ನಡೆಯುತ್ತಿದ್ದವಳು, ಮುಟ್ಟು ನಿಂತ ಆರೇಳು ವರ್ಷಗಳಲ್ಲಿ ನೆಟ್ಟಗೆ ನಡೆದರೂ ತಾಗದಂತಾದಳು. ಗೊಂಚಲು ಎಟುಕಲೆಂದು ನಾವು ಕ್ರೇಟ್ ಬೋರಲು ಹಾಕಿಕೊಟ್ಟೆವು. "ನಿಮ್ಮ ತ್ವಾಟಾನ ಎತ್ತರ ಬೆಳದೈತ್ರಿ ಅಕ್ಕಾರ," ಎಂದು ನಗುತ್ತಿದ್ದಳು. ನಾನೂ ನಕ್ಕೆ. ಬೆನ್ನು ಹಿಡಿದರೆ ಸೆರಗನ್ನು ನಡುವಿಗೆ ಬಿಗಿದು, ಒಂದು ಚಹಾ ಕುಡಿದು ಮತ್ತೆ ಏರುತ್ತಿದ್ದಳು. ವಯಸ್ಸಾಯಿತು, ಎಲ್ಲರಿಗೂ ಹೀಗೇ ಎಂದುಕೊಂಡ ಜಾಣೆ ನಾನು.

ಎರಡು ವರ್ಷದ ಹಿಂದೆ ಐನಾಪುರದಲ್ಲಿ ಎಲುಬು ತಪಾಸಣೆಯ ಶಿಬಿರ ನಡೆಯಿತು. ಹೋಗಿಬರುತ್ತೇನೆಂದು ಅವಳು ಕೇಳಿದಳು. ಅಂದು ಗೊಂಚಲುಗಳನ್ನು ಔಷಧಿಯಲ್ಲಿ ಅದ್ದುವ ಡಿಪ್ಪಿಂಗ್ ಇತ್ತು. ದಿನ ತಪ್ಪಿದರೆ ಕಾಯಿ ದಪ್ಪವಾಗುವುದಿಲ್ಲ. "ನೀ ಹ್ವಾದ್ರ ಟೋಳಿ ಯಾರ ನಡಸಬೇಕ? ಮುಂದಿನ ಸಲ ಹೋಗುವಂತಿ," ಎಂದೆ. ಹಾಗೆಂದ ನಾನೇ ಮಧ್ಯಾಹ್ನ ಸೀರೆ ಬದಲಿಸಿ ಒಬ್ಬಳೇ ಶಿಬಿರಕ್ಕೆ ಹೋದೆ. ನನ್ನ ಎಲುಬು ಸವೆದಿದೆ ಎಂದರು. ಗುಳಿಗೆ ಶುರುವಾದವು.

ಅವಳ ಮುಂದಿನ ಸಲ ಬರಲೇ ಇಲ್ಲ. ಹಂಗಾಮಿನ ಕೊನೆಗೆ ಡ್ರಿಪ್ ಪೈಪಿಗೆ ಕಾಲು ತೊಡರಿ ಕುಳಿತಂತೆ ಬಿದ್ದಳು, ಅಷ್ಟೇ. ತೊಡೆಯ ಸಂದಿನ ಎಲುಬು ಮುರಿಯಿತು. ಮಿರಜದ ಡಾಕ್ಟರು ಎಕ್ಸ್‌ರೇ ನೋಡಿ, ಬೆನ್ನಿನ ಎಲುಬುಗಳು ಮೊದಲೇ ಒಂದೊಂದಾಗಿ ಕುಸಿದಿವೆ, ಎತ್ತರ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಿದರು. ನಾನು ಕ್ರೇಟಿನ ಮಾತೆತ್ತಲಿಲ್ಲ.

ಶಿಬಿರಕ್ಕಾದರೂ ಹೋಗಬಾರದಿತ್ತೇ ಎಂದು ಅವಳ ಮಗಳು ಅತ್ತಾಗ, ಹಾಸಿಗೆಯಲ್ಲಿದ್ದವಳು ನನ್ನ ಮುಖ ನೋಡುತ್ತ ಹೇಳಿದಳು: "ಅಕ್ಕಾರು ಹೋಗ ಅಂದಿದ್ರವ್ವಾ. ನಾನ ಹೋಗಲಿಲ್ಲ."

ಇಲ್ಲ, ತಡೆದವಳು ನಾನು ಎನ್ನಬೇಕಿತ್ತು. ಬಾಯಿ ಬಿಡಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ನಾಲ್ಕು ತಿಂಗಳು ಮಲಗಿದಲ್ಲೇ ಇದ್ದು ತೀರಿಕೊಂಡಳು. ಈಗ ಮಗಳು ಟೋಳಿ ನಡೆಸುತ್ತಾಳೆ. "ನಮ್ಮವ್ವ ನಿಮ್ಮ ಮಾತ ಕೇಳಬೇಕಿತ್ರಿ ಅಕ್ಕಾರ," ಎನ್ನುತ್ತಾಳೆ ಆಗಾಗ.

ನಾನು ಹೂಂ ಎನ್ನುತ್ತೇನೆ.