ಬುದ್ಧನಿಗೆ ಬೆನ್ನು ಹಾಕಿ ನಿಂತದ್ದು

ಒಬ್ಬ ಮನುಷ್ಯನ ಅನ್ನಕ್ಕೆ ನಾನು ಕಲ್ಲು ಹಾಕಿದ್ದೇನೆ. ಹೇಳುತ್ತೇನೆ, ಹೇಳುತ್ತೇನೆ ಎಂದುಕೊಂಡೇ ಏಳು ವರ್ಷ ತಳ್ಳಿದೆ. ಇನ್ನೂ ತಳ್ಳುತ್ತಿದ್ದೆನೇನೋ — ಆದರೆ ಸೆಂಗ್‌ಕಾಂಗ್‌ನ ಹುಡುಗಿಯೊಬ್ಬಳು ಸಿಂಗಪುರದ ನಮ್ಮ ಕನ್ನಡ ಬಳಗದ ಸಂಚಿಕೆಗೆಂದು ದುಂಬಾಲು ಬಿದ್ದಳು. “ಅಂಕಲ್, ನಿಮ್ಮ ಶ್ರೀಲಂಕಾ ಟ್ರಿಪ್ ಹೈಲೈಟ್ಸ್ ಬರ್ದುಕೊಡಿ. ಒಂದೇ ಪೇಜ್ ಲಾ!”

ಹೈಲೈಟ್ಸ್. ಸರಿ, ಬರೆಯುತ್ತೇನೆ. ಸಿಗಿರಿಯದ ಬಂಡೆಯನ್ನು ಅರ್ಧ ಹತ್ತಿ, ಲಿಫ್ಟ್ ಹಾಕಿಸಲು ಯೋಗ್ಯತೆಯಿಲ್ಲವೇ ಇವರಿಗೆ ಎಂದು ಬೈದು ಇಳಿದೆವು. ಕ್ಯಾಂಡಿಯ ಗುಡಿಯಲ್ಲಿ ಬುದ್ಧನ ಹಲ್ಲು ಕಣ್ಣಿಗೆ ಬೀಳಲಿಲ್ಲವೆಂದು ಗೊಣಗಿದೆವು. ಗಾಲ್ ಕೋಟೆಯಲ್ಲಿ ಐಸ್‌ಕ್ರೀಮ್ ತಿಂದೆವು. ದಂಡಕ್ಕೆ ಹೆದರಿ ರಸ್ತೆಯಲ್ಲಿ ಕಾಗದದ ಚೂರೂ ಎಸೆಯದ ಸಿಂಗಪುರದವರು ನಾವು. ವಿಮಾನ ಇಳಿದ ಕೂಡಲೇ ರಾಜರಾಗಿಬಿಟ್ಟೆವು. ನನ್ನನ್ನೇ ನೋಡಿ — ಮೂವತ್ತು ವರ್ಷ ಟುವಾಸ್‌ನ ಕಾರ್ಖಾನೆಯಲ್ಲಿ “ಯೆಸ್ ಬಾಸ್” ಎಂದು ಬೆನ್ನು ಬಗ್ಗಿಸಿದವನು, ಅಲ್ಲಿ ಚಿಟಿಕೆ ಹೊಡೆದು ಮನುಷ್ಯರನ್ನು ಕರೆಯುತ್ತಿದ್ದೆ.

ನಮ್ಮ ವ್ಯಾನಿಗೆ ಒಬ್ಬನೇ ಗೈಡ್, ಅವನೇ ಡ್ರೈವರ್. ಪ್ರತಿ ಕಲ್ಲಿಗೂ ಒಂದು ಕಥೆ ಹೇಳುತ್ತಾನೆಂದು ನಾನು ಅವನಿಗೆ ‘ಪುರಾಣ’ ಎಂದು ಹೆಸರಿಟ್ಟೆ. ವ್ಯಾನಿನ ತುಂಬ ನಗು. ಏನೆಂದು ತಿಳಿಯದೆ ಅವನೂ ನಕ್ಕ. ಕೊರಳಲ್ಲಿದ್ದ ಗೈಡ್ ಬಿಲ್ಲೆಯನ್ನು ಎತ್ತಿ ತೋರಿಸಿದ್ದ — ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಗಿಟ್ಟಿಸಿದ್ದಂತೆ. “ಇದು ಹೋದ್ರೆ ಮತ್ತೆ ಅಣ್ಣನ ಮೀನಂಗಡೀಲಿ ಮೀನು ಹೆಚ್ಚೋದೇ, ಸರ್,” ಎಂದು ಅವನ ಇಂಗ್ಲಿಷಿನಲ್ಲಿ ತಮಾಷೆ ಮಾಡಿದ್ದ.

ದಂಬುಲ್ಲದ ಗುಹೆಗಳಲ್ಲಿರುವ ಬುದ್ಧನ ಗುಡಿಗಳಿಗೆ ಬರಿಗಾಲಲ್ಲಿ ಹೋಗಬೇಕು. ಕಾದ ಬಂಡೆಯ ಮೇಲೆ ನಾನು ಕುಣಿಯುವುದನ್ನು ಕಂಡು, ತನ್ನ ಚೀಲದಿಂದ ಒಗೆದಿಟ್ಟ ಕಾಲುಚೀಲ ತೆಗೆದುಕೊಟ್ಟ. ತಾನು ಬರಿಗಾಲಲ್ಲೇ ನಡೆದ. ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದ: “ಬುದ್ಧನಿಗೆ ಬೆನ್ನು ಹಾಕಿ ಫೋಟೊ ಬೇಡ, ಸರ್. ಪ್ಲೀಸ್.”

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಅವನು ಹೇಳಬೇಕಾಗಿಯೂ ಇರಲಿಲ್ಲ — ಗರ್ಭಗುಡಿಗೆ ಬೆನ್ನು ತೋರಿಸದೆ ಹಿಂದಿಂದಕ್ಕೆ ಹೆಜ್ಜೆ ಇಡುತ್ತಾ ಹೊರಬರುವುದನ್ನು ಅಮ್ಮನ ಸೆರಗು ಹಿಡಿದು ಕಲಿತವನು ನಾನು. ಆದರೂ... ಅದು ನಮ್ಮ ದೇವರಿಗೆ, ಇವನು ಹೇಳುವುದನ್ನು ನಾನು ಕೇಳುವುದೇ ಎಂಬ ತಾತ್ಸಾರ. ಅವನು ಮುಂದೆ ಹೋದ ಮೇಲೆ, ಮಲಗಿದ ದೊಡ್ಡ ಬುದ್ಧನಿಗೆ ಬೆನ್ನು ಕೊಟ್ಟು ನಿಂತೆ. ಕೆನ್ನೆಗೆ ಅಂಗೈ ಕೊಟ್ಟು, ಕಣ್ಣು ಮುಚ್ಚಿ, ಗೊರಕೆಯ ಸದ್ದು ಬೇರೆ ಮಾಡಿದೆ. “ಅಂಕಲ್, ಸೂಪರ್! ಇನ್ನೊಂದು!” ಎಂದರು ನಮ್ಮವರು.

ಕಾವಲುಗಾರ ಓಡಿ ಬಂದ. ಫೋಟೊ ಅಳಿಸಿಸಿದ. ಪೊಲೀಸರನ್ನು ಕರೆಯುತ್ತೇನೆಂದ. ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದ. ಪಾಸ್‌ಪೋರ್ಟು, ಠಾಣೆ, ಮಗಳ ಮುಖ — ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಗದ್ದಲ ಕೇಳಿ ಹಿಂದಿರುಗಿ ಬಂದಿದ್ದ ಗೈಡಿನತ್ತ ಬೆರಳು ತೋರಿಸಿದೆ.

“ಗೈಡೇ ಹೇಳಿದ್ದು. ಓಕೆ ಅಂತ.”

ಅಷ್ಟೇ ಮಾತು. ಅವನು ನನ್ನನ್ನು ನೋಡಿದ. ಆಮೇಲೆ ನನ್ನ ಕಾಲನ್ನು — ತನ್ನ ಕಾಲುಚೀಲವನ್ನು — ನೋಡಿದ. ಸಿಂಹಳದಲ್ಲಿ ಏನೋ ಹೇಳಹೋದ. ಕಾವಲುಗಾರ ಕೇಳಲಿಲ್ಲ, ಬಿಲ್ಲೆಯ ನಂಬರು ಬರೆದುಕೊಂಡ. ನಮ್ಮವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರನ್ನೇನು ಅನ್ನಲಿ, ಬೆರಳು ನನ್ನದು.

ಮರುದಿನ ಬೇರೊಬ್ಬ ಡ್ರೈವರ್ ಬಂದ. ಹಳಬನ ಬಿಲ್ಲೆ ಕಿತ್ತುಕೊಂಡರಂತೆ. ಇನ್ನು ಕೆಲಸ ಕೊಡುವುದಿಲ್ಲವಂತೆ. “ಸದ್ಯ, ಪುರಾಣ ಮುಗೀತು,” ಎಂದರು ಯಾರೋ. ನಾನು ನಕ್ಕೆ. ಹೌದು, ನಕ್ಕೆ. ಬಾಯಿ ಬಿಟ್ಟಿದ್ದರೆ ಅಂದೇ ಸರಿಹೋಗುತ್ತಿತ್ತು — ಒಂದು ಫೋನು, ಒಂದು ಕಾಗದ...

ಕಾಲುಚೀಲ ಯಿಶುನ್‌ನ ನನ್ನ ಮನೆಯ ಕಪಾಟಿನಲ್ಲಿದೆ. ಅವನನ್ನು ಕೆಲಸದಿಂದ ತೆಗೆದ ಟೂರ್ ಕಂಪನಿಗೆ, ಸುಳ್ಳು ಹೇಳಿದವನು ನಾನೆಂದು ಈ ವಾರ ಬರೆದು ಹಾಕಿದ್ದೇನೆ. ಏಳು ವರ್ಷದ ಮೇಲೆ ಅದರಿಂದ ಅವನಿಗೇನು ಸಿಕ್ಕೀತು, ಗೊತ್ತಿಲ್ಲ. ಕ್ಷಮೆಯನ್ನು ಅವನಿಗೇ ಕೇಳಬೇಕಿತ್ತು, ಕೇಳಲಿಲ್ಲ. ಅವನ ಹೆಸರು ಪುರಾಣ ಅಲ್ಲ. ಬಿಲ್ಲೆಯ ಮೇಲೆ ಬರೆದಿತ್ತು, ಮೊದಲ ದಿನವೇ ಓದಿದ್ದೆ, ಒಮ್ಮೆಯೂ ಹಾಗೆಂದು ಕರೆಯಲಿಲ್ಲ — ಗುಣದಾಸ.