ಒಂದು ಗೇಣು, ಎರಡು ಬೆರಳು

ನಾನು ಶುದ್ಧ ಸಸ್ಯಾಹಾರಿ. ನಾನು ಮೀನು ಹಿಡಿಯುತ್ತೇನೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿ ಹುಬ್ಬೇರಿಸಿದ ಮಹಾಜನತೆ ದಯವಿಟ್ಟು ಹುಬ್ಬನ್ನು ಸ್ವಸ್ಥಾನಕ್ಕೆ ಇಳಿಸಿಕೊಳ್ಳಬೇಕಾಗಿ ವಿನಂತಿ.

ಲಂಡನ್ನಿನ ಕೆನಾಲಿನಲ್ಲಿ ನಾವು ಮೀನು ಹಿಡಿಯುವುದೆಂದರೆ ಹಿಡಿದು, ನೋಡಿ, ಒಂದು ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು. ತಿನ್ನುವ ಮಾತೇ ಇಲ್ಲ. ನನ್ನ ಗಾಳದ ಹುಳು ಕೂಡ ರಬ್ಬರಿನದು. (ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಒಂದಿಲ್ಲ, ಅಷ್ಟೇ.)

ನಿವೃತ್ತನಾದ ಮೇಲೆ ಆರು ವರ್ಷ, ಪ್ರತಿ ಶನಿವಾರ, ಸೌತ್‌ಹಾಲಿನ ಕೆನಾಲ್ ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಲೈಸೆನ್ಸ್ ಉಂಟು. ತಾಳ್ಮೆ ಉಂಟು. ಮೀನು ಮಾತ್ರ ಇರಲಿಲ್ಲ. ಆರು ವರ್ಷದಲ್ಲಿ ಸಿಕ್ಕಿದ್ದು ಎಡಗಾಲಿನ ಒಂದು ಬೂಟು, ಬೆರಳುದ್ದದ ಕೆಲವು ಮರಿಗಳು, ಮತ್ತು ಯಾರೋ ಭಕ್ತರು ತೇಲಿಬಿಟ್ಟ ಮೂರು ತೆಂಗಿನಕಾಯಿ.

ಮೂರು ತಿಂಗಳ ಹಿಂದೆ ಗಾಳ ಬಾಗಿತು. ಬಂದದ್ದು ಪರ್ಚ್ ಎಂಬ ಮೀನು. ಹಸಿರು ಮೈ, ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಇಳಕಲ್ ಸೀರೆ ಉಟ್ಟು ಮದುವೆಗೆ ಹೊರಟಂತಿತ್ತು. ಟೇಪು ಮನೆಯಲ್ಲೇ ಉಳಿದಿತ್ತು. ಕೈ ಒದ್ದೆ ಮಾಡಿಕೊಂಡು ಅಳೆದೆ: ಒಂದು ಗೇಣು, ಎರಡು ಬೆರಳು.

ಪಕ್ಕದ ಕುರ್ಚಿಯ ಟೆರಿ, ನನ್ನ ಹಾಗೆಯೇ ನಿವೃತ್ತ, ಫೋಟೋ ತೆಗೆದು "ನಾಟ್ ಬ್ಯಾಡ್" ಎಂದ. (ಇಂಗ್ಲಿಷರ ಬಾಯಲ್ಲಿ ನಾಟ್ ಬ್ಯಾಡ್ ಬಂದರೆ ನಮ್ಮಲ್ಲಿ ಆನೆಯ ಮೇಲೆ ಮೆರವಣಿಗೆ ಮಾಡಿದಂತೆ.) ಮೀನನ್ನು ನೀರಿಗೆ ಬಿಟ್ಟೆ. ಅದು ತಿರುಗಿಯೂ ನೋಡದೆ ಹೋಯಿತು.

ಇಲ್ಲಿ ದೊಡ್ಡ ಮೀನು ಹಿಡಿದವರು ಅದನ್ನು ಗೋಡೆಗೆ ಏರಿಸಿ ಮೆರೆಸುವುದುಂಟು. ಅಲ್ಲೇ ನಿರ್ಧರಿಸಿದೆ. ಇದು ನಮ್ಮ ಮನೆಯ ಗೋಡೆ ಏರತಕ್ಕದ್ದು.

ಹೆಂಡತಿ ಸುಮಿತ್ರಾ ವಿಜಯಪುರದವಳು. ಲಂಡನ್ನಿಗೆ ಬಂದು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ.

"ಸತ್ತ ಮೀನ ತಂದು ದೇವರ ಎದುರಿಗೆ ತೂಗಹಾಕ್ತೀರೇನ? ವಾಸನಿ ಬರ್ತೈತ್ರಿ!"

"ಸತ್ತಿಲ್ಲ, ಆರಾಮ ಈಜಾಡಾಕತ್ತೈತಿ. ಫೋಟೋ, ಅಳತಿ ಕೊಟ್ರ ಅದರ ಮೂರ್ತಿ ಮಾಡಿಕೊಡ್ತಾರ."

"ಬದುಕಿದ್ದವರ ಮೂರ್ತಿ ಮಾಡಸೋದು ರಾಜಕಾರಣಿಗಳಷ್ಟ. ಏನರ ಮಾಡ್ಕೋರಿ. ಗ್ವಾಡಿಗೆ ಹೊಸಾ ಮೊಳಿ ಮಾತ್ರ ಹೊಡಿಯಂಗಿಲ್ಲ."

ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳು ಫೋನಿನಲ್ಲಿ ಫೋಟೋ ನೋಡಿ, "ಅಪ್ಪಾ, ಇಟ್ಸ್ ಟೈನಿ!" ಎಂದಳು. ಕೆನಡಾದಲ್ಲಿರುವ ಭಾವಮೈದನಂತೂ, "ನಮ್ಮಲ್ಲೆ ರಾಕ್ ಬಾಸ್ ಅಂತ ಮೀನ ಇಷ್ಟ ಉದ್ದ ಇರ್ತಾವ ಮಾಮಾ. ಅವನ್ನ ಯಾರೂ ಗ್ವಾಡಿಗೆ ಹಾಕಂಗಿಲ್ಲ, ನಗ್ತಾರ" ಎಂದು ಅಂತಾರಾಷ್ಟ್ರೀಯ ತೀರ್ಪು ಕೊಟ್ಟ.

ಎಷ್ಟು ದೊಡ್ಡದಾದರೆ ಗೋಡೆಗೆ ಯೋಗ್ಯ? ಯಾರು ಗೊತ್ತು ಮಾಡಿದರು? ಎಲ್ಲೋ ಯಾರೋ ಇದಕ್ಕಿಂತ ದೊಡ್ಡದನ್ನು ಹಿಡಿದಿದ್ದಾರೆ ಎಂದರೆ ನನ್ನದು ಕುಗ್ಗಬೇಕೆ? ಪಕ್ಕದ ಮನೆಯ ಮಗು ಓಡಾಡುತ್ತಿದೆ ಎಂದು ನಮ್ಮ ಮಗುವಿನ ಮೊದಲ ಹೆಜ್ಜೆಗೆ ಚಪ್ಪಾಳೆ ತಟ್ಟದೆ ಕೂರುತ್ತೇವೆಯೆ?

ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಸಮೋಸಾ ಫ್ಯಾಕ್ಟರಿಯ ಹಿಂದಿನ ಒಂದು ಶೆಡ್ಡಿನಲ್ಲಿ ರಾಳ ಎರಕ ಹೊಯ್ದು ಮೀನಿನ ಮೂರ್ತಿ ಮಾಡುವ ಕುಶಲಕರ್ಮಿ ಇದ್ದಾನೆ. ಗೋಡೆಯ ತುಂಬ ತೊಡೆಗಾತ್ರದ ಮೀನುಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ಮೇಜಿನ ಮೇಲೆ ಕೈ ಚಾಚಿದೆ. ಆತ ಗಂಭೀರವಾಗಿ ನನ್ನ ಗೇಣಿಗೂ ಬೆರಳಿಗೂ ಟೇಪು ಹಿಡಿದ. ಹತ್ತೂವರೆ ಇಂಚು.

"ಹದಿನಾರಕ್ಕಿಂತ ಕಡಿಮೆ ಯಾರೂ ಮಾಡಿಸೋದಿಲ್ಲ ಸರ್" ಎಂದ. ಆಮೇಲೆ ದನಿ ತಗ್ಗಿಸಿದ. "ಬೇಕಾದರೆ ಹದಿನಾರೇ ಮಾಡಿಕೊಡ್ತೀನಿ. ಎಲ್ಲರೂ ಒಂದೆರಡು ಇಂಚು ಸೇರಿಸಿಯೇ ಹೇಳ್ತಾರೆ. ಮೀನು ಬಂದು ಕಂಪ್ಲೇಂಟ್ ಕೊಡುತ್ತಾ?"

ಸುಳ್ಳೇಕೆ, ಆಸೆಯಾಯಿತು. ಹದಿನಾರು ಇಂಚು! ಮಗಳ ಬಾಯಿ ಮುಚ್ಚುತ್ತದೆ. ಕೆನಡಾ ತಣ್ಣಗಾಗುತ್ತದೆ. ಆರು ವರ್ಷದ ಕುರ್ಚಿಗೆ ಒಂದು ಅರ್ಥ ಬರುತ್ತದೆ.

ಆಗ ನೆನಪಾದದ್ದು ನಮ್ಮ ಹಾಲಿನಲ್ಲಿ ತೂಗುತ್ತಿದ್ದ ಸ್ಮರಣಿಕೆ.

ಕೆಲವು ವರ್ಷದ ಹಿಂದೆ ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಮುಖ್ಯ ಅತಿಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಶಾಲು, ಪೇಟ, ಫಲಕ ಎಲ್ಲ ಸಿದ್ಧ, ತಲೆಯೊಂದೇ ಕಡಿಮೆ. ವೇದಿಕೆಯ ಹತ್ತಿರ ಮೈಕಿನ ವೈರು ಸರಿಮಾಡುತ್ತ ಬಗ್ಗಿದ್ದ ನನ್ನ ತಲೆ ಸಂಘದವರ ಕಣ್ಣಿಗೆ ಬಿತ್ತು. ನಾನು ನೆಟ್ಟಗೆ ನಿಲ್ಲುವಷ್ಟರಲ್ಲಿ ಪೇಟ ಕೂತಿತ್ತು. ಸಂಘದ ಕಾರ್ಯದರ್ಶಿಗಳು ನನ್ನ ಕನ್ನಡ ಸೇವೆಯ ಬಗ್ಗೆ ಏಳು ನಿಮಿಷ ಮಾತಾಡಿದರು. (ಆ ಸೇವೆಯ ವಿವರ ನನಗೂ ಅಂದೇ ತಿಳಿದದ್ದು.) ಫಲಕದಲ್ಲಿ 'ಕನ್ನಡದ ಕಟ್ಟಾಳು' ಎಂದಿತ್ತು. ಕೆಳಗೆ ಅತಿಥಿಯ ಹೆಸರಿನ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು.

ಅಂದು ಹತ್ತೂವರೆ ಇಂಚಿನ ನನ್ನನ್ನು ಹದಿನಾರಕ್ಕೆ ಹಿಗ್ಗಿಸಿದ್ದರು. ಯಾರೂ ಟೇಪು ಕೇಳಲಿಲ್ಲ. ಅಂದಿನಿಂದ ಪ್ರತಿದಿನ ಊಟಕ್ಕೆ ಕೂತರೆ ಎದುರಿಗೆ ಅದೇ ಫಲಕ. ಚೀಟಿಯ ಒಂದು ಮೂಲೆ ಎದ್ದಿದೆ. ಎಷ್ಟು ಒತ್ತಿದರೂ ಮತ್ತೆ ಏಳುತ್ತದೆ. ಇನ್ನೊಂದು ಸುಳ್ಳನ್ನು ನೋಡುತ್ತ ರೊಟ್ಟಿ ನುಂಗಲೆ?

"ಹತ್ತೂವರೆ" ಎಂದೆ. "ಒಂದು ನೂಲಿನಷ್ಟೂ ಹೆಚ್ಚು ಬೇಡ."

"ನೋಡಿದವರು ನಗ್ತಾರೆ ಸರ್."

"ನಗಲಿ. ಹಲ್ಲು ಅವರದು, ಗೋಡೆ ನನ್ನದು."

ಕಳೆದ ವಾರ ಮೀನು ಬಂತು. ಹೊಸ ಮೊಳೆಗೆ ಅಪ್ಪಣೆ ಇರಲಿಲ್ಲವಲ್ಲ? ಕಟ್ಟಾಳುವನ್ನು ಇಳಿಸಿ, ಅದೇ ಮೊಳೆಗೆ ಮೀನನ್ನು ಏರಿಸಿದೆ. ಸುಮಿತ್ರಾ ನೋಡಿದಳು. ಆಮೇಲೆ, ನಾನು ನೋಡುತ್ತಿಲ್ಲ ಎಂದುಕೊಂಡು, ತನ್ನ ಗೇಣು ಹಚ್ಚಿ ಅಳೆದಳು.

ಭಾನುವಾರ ಅದೇ ಕಾರ್ಯದರ್ಶಿಗಳು ಚಹಾಕ್ಕೆ ಬಂದರು. ಬೆಂಗಳೂರಿನವರು. ಸೋಫಾದಲ್ಲಿ ಕೂರುವ ಮೊದಲೇ ಗೋಡೆ ನೋಡಿದರು.

"ಏನ್ ಸಾರ್ ಇದು? ಇಷ್ಟು ಚಿಕ್ಕ ಮೀನಾ? ಮತ್ತೆ ನಾವು ಕೊಟ್ಟ ಸ್ಮರಣಿಕೆ ಎಲ್ಲೋಯ್ತು?"

ಹದಿನಾರು ಇಂಚಿನ ಒಂದು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಸುಮಿತ್ರಾ ಒಳಗಿನಿಂದ ಬಂದಳು.

"ಅದು ಕಪಾಟಿನ್ಯಾಗ ಐತ್ರಿ ಅಣ್ಣಾರ. ಈ ಮೀನ ಖುದ್ದ ಇವರ ಹಿಡದಾರ್ರಿ. ಸಣ್ಣದ ಖರೆ, ಆದ್ರ ಇದರ ಮ್ಯಾಲ ಚೀಟಿ ಹಚ್ಚಿಲ್ಲ, ನೋಡ್ರಿ."

ಕಾರ್ಯದರ್ಶಿಗಳು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ನಿಮ್ಮ ಮನೆಯ ಗೋಡೆಯ ಮೇಲಿನ ಸ್ಮರಣಿಕೆಯನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿದ್ದೀರಾ?