ಸಂಜೆಯವರೆಗೆ ತೆರೆದಿದ್ದ ಬಾಗಿಲು

ಆಪಾ ಕೆಲಸಕ್ಕೆ ಕೂರುವಾಗ ಬಲಗೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ತಳ್ಳಿ, ಅವು ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಗ್ರೋಸರಿಯಲ್ಲಿ ಕೊತ್ತಂಬರಿ ಕಟ್ಟಿಗೆ ಸುತ್ತಿ ಕೊಡುತ್ತಾರಲ್ಲ, ಆ ನೀಲಿ ಬ್ಯಾಂಡ್. ಕೀಬೋರ್ಡಿನ ಮೇಲೆ ಬಳೆ ಸದ್ದಾದರೆ ಅವರಿಗೆ ತಲೆ ಓಡುತ್ತಿರಲಿಲ್ಲವಂತೆ. ಸಂಜೆ ಬ್ಯಾಂಡ್ ತೆಗೆದಾಗ ಬಳೆಗಳೆಲ್ಲ ಒಟ್ಟಿಗೆ ಜಾರಿ ಮಣಿಕಟ್ಟಿಗೆ ಬಂದು ಬೀಳುತ್ತಿದ್ದವು. ಪಕ್ಕದ ಕ್ಯೂಬಿಕಲ್ಲಿನಲ್ಲಿ ಆ ಸದ್ದು ಕೇಳಿದೊಡನೆ ನಾನು ಚೀಲ ತೆಗೆದುಕೊಂಡು ಏಳುತ್ತಿದ್ದೆ.

ಡಾಟ್‌ಕಾಮ್ ಭರಾಟೆಯ ಕಾಲ ಅದು. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವರು ಲಾಗಿನ್ ಟೀಮಿನ ಲೀಡು, ನಾನು ಅವರ ಕೈಕೆಳಗೆ ಹೊಸಬಳು. ಇಬ್ಬರೂ ಹೇವರ್ಡಿನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದುದರಿಂದ ಒಂದು ದಿನ ಅವರ ಕಾರು, ಮಾರನೆಯ ದಿನ ನನ್ನದು. ನಾನು ಮೈಸೂರಿನವಳು, ಅವರು ವಿಜಾಪುರದವರು. ಮೊದಲ ದಿನ ಮೇಡಂ ಎಂದು ಕರೆದದ್ದಕ್ಕೆ ಮುಖ ಸಿಂಡರಿಸಿದ್ದರು. "ಮೇಡಂ ಅಂದ್ರ ಸಾಲಿ ನೆನಪಾಗ್ತದವಾ. ನಮ್ಮ ಮನ್ಯಾಗ ಅಕ್ಕಗ ಆಪಾ ಅಂತಾರ. ಹಂಗಽ ಕರಿ."

ಆಗ ನಮ್ಮ ಕಂಪನಿಯಲ್ಲಿ ಕೆಲಸಕ್ಕೊಂದು ವೆಬ್ ಅಪ್ಲಿಕೇಶನ್ನು ಇತ್ತು. ರಜೆಗೆ ಒಂದು, ಟೈಮ್‌ಶೀಟಿಗೆ ಒಂದು, ಈಮೇಲಿಗೆ ಒಂದು. ಎಲ್ಲವೂ ಜಾವಾದಲ್ಲಿ ಬರೆದವೇ, ಆದರೆ ಒಂದಕ್ಕೊಂದು ಮುಖ ನೋಡದ ದಾಯಾದಿಗಳು. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡು. ಜನ ಅವನ್ನೆಲ್ಲ ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿಕೊಂಡಿದ್ದರು. ಬೆಳಿಗ್ಗೆ ಒಮ್ಮೆ ಲಾಗಿನ್ ಆದರೆ ಎಲ್ಲವೂ ತೆರೆದುಕೊಳ್ಳಬೇಕು, ಅದು ಆಪಾ ಹಿಡಿದಿದ್ದ ಕೆಲಸ. ಅದಕ್ಕೆ ಸಿಂಗಲ್ ಸೈನ್-ಆನ್ ಎಂದು ದೊಡ್ಡ ಹೆಸರು. ಆಪಾ ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. "ಮನಿಗೆ ಒಂದು ತಲಬಾಗಲಾ ಇದ್ರ ಸಾಕು. ಖೋಲಿಗೊಂದು ಕೀಲಿ ಯಾಕ?"

ಬೈಯುವುದರಲ್ಲಿ ಅವರು ಎತ್ತಿದ ಕೈ. ಕಾನ್ಫಿಗರೇಶನ್ ಫೈಲಿನಲ್ಲಿ ನಾನು ಅಂದಾಜಿನ ಮೇಲೆ ಏನಾದರೂ ಬದಲಿಸಿ, ನಡೆಯುತ್ತದೋ ನೋಡೋಣ ಎಂದರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು. "ಸಾರು ಮಾಡಾಕತ್ತೀ ಏನು, ರುಚಿ ನೋಡಿ ಉಪ್ಪು ಹಾಕಾಕ? ಮೊದಲ ಓದು. ಆಮ್ಯಾಲ ಮುಟ್ಟು." ಹಾಗೆ ಬೈದ ಮೇಲೆ ಡ್ರಾಯರಿನಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ನನ್ನ ಮುಂದಿಡುತ್ತಿದ್ದರು. ಅವರ ವೀಸಾದ ಮೇಲೆ ಬಂದಿದ್ದ ಗಂಡನಿಗೆ ಅಮೆರಿಕದಲ್ಲಿ ಕೆಲಸ ಮಾಡುವಂತಿರಲಿಲ್ಲ. ಊರಿನ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವರು ಇಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಿದ್ದರು.

ಮಧ್ಯಾಹ್ನದ ನಮಾಜಿಗೆ ಆಪಾ ಒಂದು ಖಾಲಿ ಮೀಟಿಂಗ್ ರೂಮನ್ನು ಕ್ಯಾಲೆಂಡರಿನಲ್ಲಿ ಬುಕ್ ಮಾಡುತ್ತಿದ್ದರು. ಮೀಟಿಂಗಿಗೆ ಬರುವವರ ಜಾಗದಲ್ಲಿ ಅವರೊಬ್ಬರದೇ ಹೆಸರು. "ಅಜೆಂಡಾ ಏನು ಆಪಾ?" ಎಂದು ನಾನು ರೇಗಿಸಿದರೆ, "ನಿನ್ನಂಥಾಕಿಗೆ ಬುದ್ಧಿ ಕೊಡು ಅಂತ ಕೇಳೂದು" ಎನ್ನುತ್ತಿದ್ದರು.

ಬಾಗಿಲೇನೋ ಚೆನ್ನಾಗಿ ತೆರೆಯಿತು. ಹಳದಿ ಚೀಟಿಗಳು ಮಾಯವಾದವು. ಅಷ್ಟರಲ್ಲಿ ಮಾರ್ಕೆಟ್ಟು ಬಿತ್ತು. ಕಂಪನಿಗಳು ಬೆಳಿಗ್ಗೆ ಜನರನ್ನು ಕರೆದು ಕೆಲಸ ಇಲ್ಲವೆಂದು ಹೇಳಿ, ಸಂಜೆಯೊಳಗೆ ಮೇಜು ಖಾಲಿ ಮಾಡಿಸತೊಡಗಿದವು. ನಮ್ಮಲ್ಲೂ ಆ ದಿನ ಬಂತು. ಬೆಳಿಗ್ಗೆ ಆಪಾಗೆ ಹೆಸರುಗಳ ಪಟ್ಟಿ ಕೊಟ್ಟರು. ಒಬ್ಬೊಬ್ಬರ ಅಕೌಂಟನ್ನೂ ಒಂದೇ ಕಡೆ ಮುಚ್ಚಿದರೆ ಎಲ್ಲ ಕಡೆಯೂ ಮುಚ್ಚಿದಂತೆ. ತಾವು ಜನರ ಅನುಕೂಲಕ್ಕೆಂದು ಇಟ್ಟ ತಲೆಬಾಗಿಲಿನ ಈ ಇನ್ನೊಂದು ಉಪಯೋಗ ನೋಡಿ ಅವರ ಮುಖ ಕಪ್ಪಿಟ್ಟಿತು. ಆದರೂ ಹೇಳಿದ್ದನ್ನು ಮಾಡಿದರು.

ಆದರೆ ಆ ದಿನ ಮಧ್ಯಾಹ್ನವೆಲ್ಲ, ಕೆಲಸ ಹೋದವರಿಂದ ನಮಗೆ ಮೇಲು ಬರುತ್ತಲೇ ಇತ್ತು. ಹೋಗಿ ಬರುತ್ತೇನೆ, ನನ್ನ ಮನೆಯ ನಂಬರು ಇದು, ಎಲ್ಲಾದರೂ ಕೆಲಸವಿದ್ದರೆ ತಿಳಿಸಿ. ನಮ್ಮ ಟೀಮಿನ ಟೆಸ್ಟರ್, ಬೆಂಗಳೂರಿನ ಹುಡುಗ, ಹಾಗೆ ಬರೆದ ಮೇಲಿಗೆ ಯಾರೋ ಉತ್ತರ ಕೊಟ್ಟದ್ದರಿಂದ, ಮುಂದಿನ ವಾರವೇ ಸಾಂಟಾ ಕ್ಲಾರಾದಲ್ಲಿ ಕೆಲಸಕ್ಕೆ ಸೇರಿದ.

ಫ್ರೀವೇಯಲ್ಲಿ ಮನೆಗೆ ಬರುವಾಗ ಕೇಳಿದೆ. "ಅಕೌಂಟ್ ಮುಚ್ಚಿದ ಮೇಲೂ ಮೇಲ್ ಹೆಂಗೆ ಹೋಯ್ತು ಆಪಾ?"

"ಬಾಗಲದಾಗಷ್ಟ ಕೇಳ್ತದವಾ, ನೀ ಯಾರು ಅಂತ. ಮುಂಜಾನೆ ಒಳಗ ಬಂದವರ್ನ ಸಂಜಿ ತನಕಾ ಮತ್ತ ಕೇಳಂಗಿಲ್ಲ. ನಾನಽ ಹಂಗ ಇಟ್ಟೀನಿ. ಕ್ಲಿಕ್ಕಿಗೊಮ್ಮೆ ಕೇಳಿದ್ರ ಸರ್ವರ್ ಕುಂಟ್ತದ."

"ಸರ್ವರ್‌ಗೋಸ್ಕರಾನಾ?"

ಆಪಾ ಆಗ ಹೇಳಿದರು. ಹಿಂದಿನ ಕಂಪನಿಯಲ್ಲಿ ಅವರ ಕೆಲಸ ಹೋದ ದಿನ, ಮೇಲ್ ಮುಚ್ಚುವುದನ್ನು ಯಾರೋ ಮರೆತಿದ್ದರಂತೆ. ಸಂಜೆಯವರೆಗೆ ಕೂತು ಎಲ್ಲರಿಗೂ ಬರೆದರಂತೆ. ಅಂಥ ಒಂದು ಉತ್ತರದಿಂದಲೇ ಅವರಿಗೆ ಈ ಕೆಲಸ ಸಿಕ್ಕಿದ್ದು. "ಸರ್ವರ್ ಮಾತೂ ಖರೇ, ಇದೂ ಖರೇ. ಕೆಲಸ ಕಸಗೊಳ್ಳಲಿ. ಬರ್ತೀನಿ ಅಂತ ನಾಕ ಮಂದಿಗೆ ಹೇಳಾಕರ ಬಿಡಬೇಕಿಲ್ಲೋ?"

ಕೆಲವು ತಿಂಗಳ ನಂತರ ಡೈರೆಕ್ಟರು ನನ್ನೊಬ್ಬಳನ್ನೇ ಕೋಣೆಗೆ ಕರೆದರು. ಕಳೆದ ಸಲ ಕೆಲಸ ಹೋದವರು ಸಂಜೆಯವರೆಗೆ ಒಳಗಿದ್ದದ್ದು ಹೇಗೆ, ಅದು ಭದ್ರತೆಯ ಲೋಪ, ಅಕೌಂಟ್ ಮುಚ್ಚಿದ ಕ್ಷಣವೇ ಎಲ್ಲ ಮುಚ್ಚಬೇಕು, ನಾಳೆ ಬೆಳಿಗ್ಗೆಯೊಳಗೆ ಸರಿಮಾಡು, ಯಾರಿಗೂ ಹೇಳಬೇಡ ಎಂದರು. ನನಗೆ ಅದನ್ನು ಮಾಡುವ ಬಗೆಯೇ ತಿಳಿದಿರಲಿಲ್ಲ. ತಿಳಿದಿದ್ದವರು ಒಬ್ಬರೇ. ನಾನು ನೇರವಾಗಿ ಅವರ ಕ್ಯೂಬಿಕಲ್ಲಿಗೆ ಹೋಗಿ ಮೆಲ್ಲಗೆ ಹೇಳಿದೆ.

ಆಪಾ ನನ್ನ ಮುಖವನ್ನೇ ನೋಡಿದರು. "ನನ್ನ ಬಿಟ್ಟು ನಿನಗ ಹೇಳ್ಯಾರ?"

"ಹೂಂ."

"ಹಂಗಾರ ನಾಳೆ ಪಟ್ಟ್ಯಾಗ ನಾ ಅದೀನಿ."

ನನಗೆ ಅದು ಹೊಳೆದೇ ಇರಲಿಲ್ಲ. ನಾನು ಮಾಡುವುದಿಲ್ಲ ಎಂದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ನೀ ಮಾಡ್ಲಿಲ್ಲಂದ್ರ ನಿನ್ನೂ ಕಳಸ್ತಾರ, ಮತ್ತೊಬ್ಬರು ಬಂದು ಎಲ್ಲಾ ಕೆಡಸ್ತಾರ. ನಾ ಕಟ್ಟಿದ್ದದು. ತಗೀ ಫೈಲು."

ಅವತ್ತು ಅವರು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಲಿಲ್ಲ, ಟೈಪ್ ಮಾಡಿದವಳು ನಾನು. ಪ್ರತಿ ಅಪ್ಲಿಕೇಶನ್ನಿನಲ್ಲೂ ಏನು ಬದಲಿಸಬೇಕು, ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂದು ಒಂದೊಂದಾಗಿ ಹೇಳಿಕೊಟ್ಟರು. ನಡುವೆ ಒಂದು ಸಾಲು ತಪ್ಪಿದ್ದಕ್ಕೆ ಎಂದಿನಂತೆ ಬೈದರು. ಮುಗಿದ ಮೇಲೆ, "ನನ್ನ ಅಕೌಂಟ್ ಮುಚ್ಚಿ ನೋಡು" ಎಂದರು. ಮುಚ್ಚಿದೆ. ಅವರ ಪರದೆಯಲ್ಲಿ ತೆರೆದಿದ್ದ ಮೇಲು ಒಂದು ಕ್ಲಿಕ್ಕಿಗೆ ಮಾಯವಾಗಿ ಲಾಗಿನ್ ಪುಟ ಬಂತು. "ಛಲೋ ಆತು. ಈಗ ನನ್ನ ಅಕೌಂಟ್ ಮತ್ತ ತಗೀ, ಇಲ್ಲಂದ್ರ ಅವರಿಗೆ ಗೊತ್ತಾಗ್ತದ."

"ಆಪಾ, ಇವತ್ತೇ ಎಲ್ಲರಿಗೂ ಬರೆದುಬಿಡಿ. ಇನ್ನೂ ಸಂಜೆವರೆಗೂ ಟೈಮಿದೆ" ಎಂದು ಬೇಡಿಕೊಂಡೆ.

"ನಾ ಇವತ್ತ ಬರದ್ರ, ನನಗ ಯಾರು ಹೇಳಿದ್ರು ಅಂತ ಕೇಳೂದಿಲ್ಲ ಅವರು?" ಎಂದರು. ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀನೂ ಸುಮ್ನಿರು. ನಿನ್ನ ಗ್ರೀನ್ ಕಾರ್ಡ್ ಈ ಕಂಪನಿ ಕೈಯಾಗ ಅದ, ಅದು ಬರೂ ತನಕ ನನ್ನ ಸುದ್ದಿ ಎತ್ತಬ್ಯಾಡ."

ಮಾರನೆಯ ದಿನ ಅವರ ಕಾರಿನ ಸರದಿ. ಏನೂ ತಿಳಿಯದವರಂತೆ ಬಂದರು, ಲಾಗಿನ್ ಆದರು, ಬ್ಯಾಂಡ್ ಹಾಕಿಕೊಂಡು ಕೆಲಸಕ್ಕೆ ಕೂತರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಬಳೆಗಳು ಜಾರಿ ಬಿದ್ದ ಸದ್ದು ಕೇಳಿತು. ಹಾಳು ಅಭ್ಯಾಸ, ನನ್ನ ಕೈ ಚೀಲದ ಕಡೆ ಹೋಯಿತು. ಇಣುಕಿದರೆ ಅವರ ಪರದೆಯ ಮೇಲೆ ಲಾಗಿನ್ ಪುಟ. ಈ ಸಲ ಮೇಜು ಖಾಲಿ ಮಾಡುವುದಕ್ಕೂ ಸಂಜೆಯವರೆಗೆ ಬಿಡಲಿಲ್ಲ. ಗಾರ್ಡ್ ಒಂದು ಡಬ್ಬ ತಂದು ಪಕ್ಕದಲ್ಲೇ ನಿಂತ. ಆಪಾ ಯಾರೊಂದಿಗೂ ಮಾತಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಆಚೆ ಕಟ್ಟಡದಲ್ಲಿದ್ದವರಿಗೆ ಅವರು ಹೋದದ್ದೇ ಗೊತ್ತಾಗಲಿಲ್ಲ. ಆ ಡೈರೆಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ಮನೆಗೆ ಹೇಗೆ ಹೋಗುವುದೆಂದು ಯೋಚಿಸುತ್ತ ಹೊರಗೆ ಬಂದರೆ, ಗೇಟಿನಾಚೆ ಅವರ ಕಾರು ನಿಂತಿತ್ತು. ಒಳಗೆ ಬರಲು ಬ್ಯಾಡ್ಜ್ ಇಲ್ಲವಲ್ಲ, ರಸ್ತೆಯಲ್ಲೇ ಕಾಯುತ್ತಿದ್ದರು. ನಾನು ಕಾರು ಹತ್ತಿ ಅತ್ತುಬಿಟ್ಟೆ. "ಅಳಬ್ಯಾಡ. ಇವತ್ತ ನನ್ನ ಪಾಳಿ ಇತ್ತು, ಬಂದೆ" ಎಂದರು.

ಎಲ್ಲರ ನಂಬರು, ವಿಳಾಸ ಮುಚ್ಚಿಹೋದ ಆ ಈಮೇಲಿನಲ್ಲೇ ಉಳಿದಿದ್ದವು. ಅವರಿಗೆ ಬೇರೆ ಕೆಲಸ ಸಿಗಲಿಲ್ಲ. ವೀಸಾ ಮುಗಿಯುವ ಮುನ್ನ ನಾದಿನಿಯಿದ್ದ ಟೊರಾಂಟೊಗೆ ಹೊರಟುಹೋದರು. ನನ್ನ ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಆ ಕಂಪನಿಯೇ ಮುಚ್ಚಿ, ಅಲ್ಲಿದ್ದವರೆಲ್ಲ ಚೆಲ್ಲಾಪಿಲ್ಲಿಯಾಗಿದ್ದರು. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಒಮ್ಮೆಯೂ ಅವರು ಆ ದಿನದ ಮಾತೆತ್ತಲಿಲ್ಲ, ನನಗೂ ಬಾಯಿ ಬರಲಿಲ್ಲ. ನಾನು ಆಮೇಲೆ ಮಾಡಿದ ಪ್ರತಿ ಸಿಸ್ಟಮಿನಲ್ಲೂ, ನನ್ನ ಕೈಲಿದ್ದಷ್ಟು ಮಟ್ಟಿಗೆ, ಬೆಳಿಗ್ಗೆ ಒಳಗೆ ಬಂದವರನ್ನು ಸಂಜೆಯವರೆಗೆ ಮತ್ತೆ ಕೇಳದಂತೆ ಇಟ್ಟಿದ್ದೇನೆ. ಅದನ್ನೂ ಅವರಿಗೆ ಹೇಳಬೇಕೆಂದಿದ್ದೆ.

ಈ ವರ್ಷ ಅವರ ಗಂಡ ಫೋನ್ ಮಾಡಿದರು. ಆಪಾ ನಿದ್ದೆಯಲ್ಲೇ ಹೋಗಿದ್ದರು. ಅವತ್ತೇ ಮಣ್ಣೂ ಆಗಿತ್ತು. "ಆಕಿ ಕಚೇರಿ ಮಂದಿ ಯಾರರ ಇದ್ರ ತಿಳಸ್ರಿ. ನನಗ ಯಾರ ಹೆಸರೂ ಗೊತ್ತಿಲ್ಲ" ಎಂದರು.

ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದವರಿಗೆಲ್ಲ ಬರೆದೆ. ಮೊದಲು ಉತ್ತರಿಸಿದವನು ಆ ಟೆಸ್ಟರ್. ಸಾಂಟಾ ಕ್ಲಾರಾದಲ್ಲೇ ಇದ್ದಾನೆ, ಈಗ ತಲೆ ನರೆತಿದೆ. ಹೀಗೆ ಬರೆದಿದ್ದ: "ತುಂಬಾ ಬೇಜಾರಾಯ್ತು. ಅವರ ಕೆಲಸ ಹೋದ ವಿಷಯ ತಿಂಗಳಾದ ಮೇಲೆ ಗೊತ್ತಾಯ್ತು ನಂಗೆ. ನಮ್ಮ ಕಂಪನೀಲಿ ಅವರಿಗೆ ಸರಿಹೋಗೋ ಕೆಲಸ ಒಂದಿತ್ತು, ಅಷ್ಟೊತ್ತಿಗೆ ಅದಕ್ಕೆ ಬೇರೆಯವರು ಸೇರಿಬಿಟ್ಟಿದ್ರು. ಒಂದು ಮೇಲ್ ಹಾಕಿದ್ರೆ ಆಗ್ತಿತ್ತು. ಯಾಕೆ ಯಾರಿಗೂ ಹೇಳದೆ ಹೋದ್ರು?"

ಅದನ್ನು ಓದಿ ಅವನಿಗೆ ಉತ್ತರ ಬರೆದೆ. ಅವರು ಹೇಳದೆ ಹೋದದ್ದು ನನ್ನ ಕೆಲಸ ಉಳಿಯಲಿ ಎಂದು, ಅಷ್ಟೇ ಬರೆದೆ.